ನೆಲಕ್ಕಿಳಿದ ಕ್ಯಾಮೆರಾ

ಹ್ಯಾರಿ ಪಾಯಿಂಟರ್ ಮೊದಲು ಸಿಪಾಯಿ. ಸೈನ್ಯ ಬಿಟ್ಟ ಮೇಲೆ ಡ್ರಿಲ್ ಮಾಸ್ತರನಾಗಿದ್ದ. ‘ಸಾವಧಾನ್’ ಎಂದರೆ ಕಲ್ಲಿನಂತೆ ನಿಲ್ಲುವ ಜನರ ನಡುವೆ ವರ್ಷಗಳನ್ನು ಕಳೆದ ಈ ಮನುಷ್ಯ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್‌ನಲ್ಲಿ ಸ್ಟುಡಿಯೊ ತೆರೆದು 1870ರ ಸುಮಾರಿಗೆ ಹಿಡಿದ ಕಸುಬು ಮಾತ್ರ ತೀರಾ ಉಲ್ಟಾ: ಯಾರ ಅಪ್ಪಣೆಗೂ ಸೊಪ್ಪು ಹಾಕದ ಬೆಕ್ಕುಗಳ ಫೋಟೊ ತೆಗೆದು ಮಾರುವುದು.

ಆಗ ಫೋಟೊ ತೆಗೆಯುವುದೆಂದರೆ ಅರ್ಧ ಅಡುಗೆ, ಅರ್ಧ ಓಟ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ವಿಧಾನವೇ ಎಲ್ಲೆಡೆ ಚಾಲ್ತಿಯಲ್ಲಿತ್ತು. ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಹೊಯ್ದು, ಕತ್ತಲೆಕೋಣೆಯಲ್ಲಿ ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಸೇರಿಸಿ, ಒಣಗುವ ಮೊದಲೇ ಚಿತ್ರ ತೆಗೆದು ತೊಳೆದೂ ಮುಗಿಸಬೇಕು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷದ ಗಡುವು. ಮೋಡ ಕವಿದ ದಿನ ಮಸೂರದ ಮುಚ್ಚಳ ತೆಗೆದು ಕೆಲವು ಸೆಕೆಂಡುಗಳಾದರೂ ಕಾಯಬೇಕು. ಮನುಷ್ಯರೇ ಅಷ್ಟು ಹೊತ್ತು ಅಲುಗದೆ ಕೂರಲಾರರೆಂದು ತಲೆಯ ಹಿಂದೆ ಕಬ್ಬಿಣದ ಆನಿಕೆ ನಿಲ್ಲಿಸುತ್ತಿದ್ದರು. ಬೆಕ್ಕಿನ ತಲೆಗೆ ಆನಿಕೆ ಕೊಡುವ ಧೈರ್ಯ ಯಾರಿಗಿದೆ? ಹಾಗಾಗಿ ಹತ್ತೊಂಬತ್ತನೇ ಶತಮಾನದ ಹಳೆಯ ಚಿತ್ರಗಳಲ್ಲಿ ನಿಚ್ಚಳವಾಗಿ ಮೂಡಿದ ಬೆಕ್ಕುಗಳು ಹೆಚ್ಚಾಗಿ ನಿದ್ದೆಯಲ್ಲಿರುವಂಥವು. ಎಚ್ಚರವಿದ್ದವಕ್ಕೆ ಬಾಲದ ಜಾಗದಲ್ಲಿ ಹೊಗೆ.

ಪಾಯಿಂಟರ್ ಮೊದಮೊದಲು ಸುಲಭದ ದಾರಿಯನ್ನೇ ಹಿಡಿದ. ಹಾಲು ಕುಡಿಯುತ್ತಿರುವ ಬೆಕ್ಕು, ಬುಟ್ಟಿಯಲ್ಲಿ ಮುದುರಿ ಮಲಗಿದ ಬೆಕ್ಕು. ಅವುಗಳಿಗೆ ಹೇಳಿಕೊಳ್ಳುವಂಥ ಗಿರಾಕಿ ಇರಲಿಲ್ಲ. ಆಮೇಲೆ ಬೆಕ್ಕುಗಳನ್ನು ಮನುಷ್ಯರ ವೇಷಕ್ಕೆ ಎಳೆದ. ಟೀ ಕಪ್ಪುಗಳ ಮುಂದೆ ಕೂತ ಬೆಕ್ಕುಗಳು, ಗಾಲಿ ಕಟ್ಟಿದ ಸ್ಕೇಟಿನ ಮೇಲೆ ನಿಂತ ಬೆಕ್ಕು, ಮೂರು ಚಕ್ರದ ಸೈಕಲ್ ಏರಿದ ಬೆಕ್ಕು. ಒಂದರಲ್ಲಂತೂ ಬೆಕ್ಕೇ ಕ್ಯಾಮೆರಾದ ಹಿಂದೆ ನಿಂತಿದೆ. ಪ್ರತಿಯೊಂದರ ಕೆಳಗೂ ಒಂದು ಸಾಲು ಬರೆದ: ಹೊಸ ವರ್ಷದ ಶುಭಾಶಯ, ಒಂದು ಚಟಾಕಿ, ಒಂದು ಕೊಂಕು. ಅಂಗೈಯಗಲದ ರಟ್ಟಿಗೆ ಅಂಟಿಸಿದ ಈ ಚಿತ್ರಗಳನ್ನು ಜನ ಹಬ್ಬಕ್ಕೆ ಪರಸ್ಪರ ಕಳಿಸತೊಡಗಿದರು. 1884ರ ಹೊತ್ತಿಗೆ ‘ಬ್ರೈಟನ್ ಬೆಕ್ಕುಗಳು’ ಸರಣಿಯಲ್ಲಿ ಸುಮಾರು 200 ಚಿತ್ರಗಳಾಗಿದ್ದವು. ಬೆಕ್ಕಿನ ಚಿತ್ರಕ್ಕೆ ಅರ್ಧ ಬೆಲೆ, ಅದರ ಕೆಳಗಿನ ಮಾತಿಗೆ ಇನ್ನರ್ಧ ಎಂಬ ಲೆಕ್ಕವನ್ನು ಮಾಜಿ ಡ್ರಿಲ್ ಮಾಸ್ತರ ಅಷ್ಟು ಬೇಗ ಕಂಡುಕೊಂಡಿದ್ದ. ಇಂದು ಬೆಳಗಾದರೆ ವಾಟ್ಸ್‌ಆ್ಯಪ್‌ಗೆ ಬಂದು ಬೀಳುವ ‘ಶುಭೋದಯ’ದ ಬೆಕ್ಕಿನ ಮುತ್ತಜ್ಜ ಆತನೇ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಬೀದಿಬೆಕ್ಕಿನ ಬದುಕು ಬೇರೆಯೇ ಇತ್ತು. ಲಂಡನ್ನಿನ ಬಡವರ ಕಸುಬುಗಳನ್ನು ಒಂದೊಂದಾಗಿ ದಾಖಲಿಸಿದ ಹೆನ್ರಿ ಮೇಹ್ಯೂ, ಬೆಕ್ಕಿನ ಮಾಂಸ ಮಾರುವವರ ಬಗ್ಗೆಯೂ ಬರೆದಿದ್ದಾನೆ. ಮಾಂಸ ಕುದುರೆಯದು, ತಿನ್ನುವುದು ಬೆಕ್ಕು. ಸತ್ತ ಕುದುರೆಯ ಮಾಂಸವನ್ನು ಬೇಯಿಸಿ, ಕಡ್ಡಿಗೆ ಚುಚ್ಚಿ, ಕೂಗುತ್ತ ಬೀದಿ ಬೀದಿ ತಿರುಗುತ್ತಿದ್ದರು. ದುಡ್ಡು ಕೊಡುವ ಯಜಮಾನರಿದ್ದ ಬೆಕ್ಕಿಗೆ ತುಂಡು ಸಿಗುತ್ತಿತ್ತು, ಇಲ್ಲದವು ಗಾಡಿಯ ಹಿಂದೆ ಅಲೆಯುತ್ತಿದ್ದವು. ಬ್ರೈಟನ್ನಿಗೆ ಹತ್ತಿರದ ಬ್ರಾಂಬರ್ ಹಳ್ಳಿಯಲ್ಲಿ ವಾಲ್ಟರ್ ಪಾಟರ್ ಎಂಬಾತ ಸತ್ತ ಮರಿಗಳ ತೊಗಲಿಗೆ ಹೊಟ್ಟು ತುಂಬಿ, ಇಪ್ಪತ್ತು ಮರಿಗಳ ಒಂದು ‘ಮದುವೆ’ಯನ್ನೇ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ. ಬೇಡದ ಮರಿಗಳನ್ನು ಕೊಲ್ಲುವುದು ಸುತ್ತಲಿನ ತೋಟದ ಮನೆಗಳಲ್ಲಿ ಮಾಮೂಲಿಯಾಗಿದ್ದರಿಂದ ಅವನಿಗೆ ಸರಕಿನ ಕೊರತೆ ಇರಲಿಲ್ಲ. ಮದುಮಗಳಿಗೆ ಮುಸುಕೂ ಇದೆ, ಆಭರಣವೂ ಇದೆ. ನೋಡಿದವರಿಗೆ ನಗಬೇಕೋ ವಾಕರಿಸಬೇಕೋ ತಿಳಿಯುವುದಿಲ್ಲ.

ಬೆಕ್ಕಿಗೂ ಒಂದು ಅಂತಸ್ತು ಬಂದದ್ದು 1871ರ ಜುಲೈ 13ರಂದು ಎಂದು ಹೇಳುವವರಿದ್ದಾರೆ. ಅಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವೇರ್ ಎಂಬ ಚಿತ್ರಕಾರ ಬೆಕ್ಕುಗಳ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿದ. ಪಂಜರಗಳಲ್ಲಿ ಕೂತ ಬೆಕ್ಕುಗಳನ್ನು ನೋಡಲು ಜನ ಮುಗಿಬಿದ್ದರು. ಬೀದಿಯ ಬೆಕ್ಕಿಗೆ ಅದರಿಂದ ಏನೂ ಆಗಲಿಲ್ಲ. 1860ರಲ್ಲಿ ನಾಯಿಗಳಿಗಾಗಿ ಆರಂಭವಾದ ಬ್ಯಾಟರ್‌ಸೀ ಆಶ್ರಯಮನೆ ಬೆಕ್ಕುಗಳನ್ನೂ ಒಳಗೆ ಬಿಟ್ಟುಕೊಳ್ಳಲು 1883 ಆಗಬೇಕಾಯಿತು.

ಇತ್ತ ವಿಜ್ಞಾನಿಗಳಿಗೆ ಬೆಕ್ಕಿನ ಮುದ್ದು ಮುಖ ಬೇಕಿರಲಿಲ್ಲ, ಅದರ ಬೆನ್ನುಮೂಳೆ ಬೇಕಿತ್ತು. ಒಣ ತಟ್ಟೆಗಳು ಬಂದು ಕ್ಯಾಮೆರಾ ಚುರುಕಾದ ಮೇಲೆ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ 781 ಹಾಳೆಗಳ ‘ಪ್ರಾಣಿಗಳ ಚಲನೆ’ ಪ್ರಕಟಿಸಿದ. ಕುದುರೆ, ಆನೆಗಳ ಜೊತೆ ಓಡುವ ಬೆಕ್ಕೂ ಅದರಲ್ಲಿತ್ತು. ಇದಕ್ಕಿಂತ ಸ್ವಾರಸ್ಯದ್ದು ಪ್ಯಾರಿಸ್ಸಿನ ಎಟಿಯೆನ್-ಜೂಲ್ ಮಾರೆಯ 1894ರ ಪ್ರಯೋಗ. ಬೆಕ್ಕನ್ನು ನಾಲ್ಕೂ ಕಾಲು ಹಿಡಿದು ಅಂಗಾತ ಎತ್ತಿ ಕೈಬಿಟ್ಟರೆ ಅದು ಕಾಲಿನ ಮೇಲೇ ಬೀಳುತ್ತದೆ. ಇದು ಎಲ್ಲ ಹುಡುಗರಿಗೂ ಗೊತ್ತು. ಹೇಗೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಾಳಿಯಲ್ಲಿ ಒದೆಯಲು ಆಧಾರವಿಲ್ಲದೆ ಯಾವ ವಸ್ತುವೂ ತಾನಾಗಿ ತಿರುಗಲಾರದು, ಹಿಡಿದವನ ಕೈಯನ್ನೇ ಬೆಕ್ಕು ಒದ್ದಿರಬೇಕು ಎಂಬುದು ಪಂಡಿತರ ವಾದ. ಮಾರೆಯ ಚಿತ್ರಪಟ್ಟಿ ಬೇರೆಯದನ್ನೇ ತೋರಿಸಿತು. ಕೈಬಿಟ್ಟ ಕ್ಷಣದಲ್ಲಿ ದೇಹ ಚೂರೂ ತಿರುಗುತ್ತಿಲ್ಲ. ಆಮೇಲೆ ಸೊಂಟ ಬಾಗುತ್ತದೆ, ಮುಂಗಾಲು ಮುದುರಿ ಮುಂದಿನ ಅರ್ಧ ಸರ್ರನೆ ಒಂದು ಕಡೆಗೆ ತಿರುಗುತ್ತದೆ. ಚಾಚಿಕೊಂಡಿರುವ ಹಿಂಗಾಲಿನಿಂದಾಗಿ ಹಿಂದಿನ ಅರ್ಧ ಹೆಚ್ಚೇನೂ ಕದಲುವುದಿಲ್ಲ. ಮರುಕ್ಷಣ ಮುಂಗಾಲು ಚಾಚಿ, ಹಿಂಗಾಲು ಮುದುರಿ, ಉಳಿದರ್ಧವನ್ನೂ ತಿರುಗಿಸಿಕೊಂಡು ನೆಲ ಮುಟ್ಟುತ್ತದೆ. ಪಂಡಿತರು ಬಾಯಿ ಮುಚ್ಚಿದರು. ಲಂಡನ್ನಿನ ‘ನೇಚರ್’ ಪತ್ರಿಕೆ ಆ ಚಿತ್ರಗಳನ್ನು ಅಚ್ಚು ಹಾಕುತ್ತ, ಕೊನೆಯ ಚಿತ್ರದಲ್ಲಿ ಬೆಕ್ಕಿನ ಮುಖದಲ್ಲಿ ಕಾಣುವ ಮಾನಭಂಗದ ಕಳೆ ನೋಡಿದರೆ ಅದಕ್ಕೆ ವಿಜ್ಞಾನದಲ್ಲಿ ಆಸಕ್ತಿ ಇದ್ದಂತಿಲ್ಲ ಎಂಬರ್ಥದ ಕುಹಕವಾಡಿತು.

ಆದರೆ ಬೆಕ್ಕಿನ ಫೋಟೊದ ದುಡ್ಡು ಇನ್ನೂ ವೇಷದಲ್ಲೇ ಇತ್ತು. ಊಟ ಯಾಕಿಷ್ಟು ತಡ ಎಂದು ಬೆಕ್ಕು ಸಿಡುಕುವ ಅಂಚೆ ಕಾರ್ಡೊಂದು 1905ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತು. ಅಲ್ಲಿನ ಪೆನ್ಸಿಲ್ವೇನಿಯಾದ ಹ್ಯಾರಿ ವಿಟ್ಟಿಯರ್ ಫ್ರೀಸ್ ಈ ವಿದ್ಯೆಯನ್ನು ತುದಿ ಮುಟ್ಟಿಸಿದವನು. ಮನೆಯ ಹುಟ್ಟುಹಬ್ಬದ ಊಟದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಗದದ ಟೋಪಿ ಬೆಕ್ಕಿನ ತಲೆಯ ಮೇಲೆ ಬಂದು ಕೂತಾಗ ತೆಗೆದ ಚಿತ್ರದಿಂದ ಎಲ್ಲ ಶುರುವಾಯಿತೆಂಬ ಕಥೆಯಿದೆ. ಆಮೇಲೆ ಬಟ್ಟೆ ಒಗೆಯುವ ಮರಿ, ರೊಟ್ಟಿ ಬೇಯಿಸುವ ಮರಿ, ಪಿಯಾನೊ ನುಡಿಸುವ ಮರಿ. ಮರಿಗಳನ್ನು ಅಕ್ಕಪಕ್ಕದವರಿಂದ, ಅಂಗಡಿಗಳಿಂದ ಎರವಲು ತರುತ್ತಿದ್ದ. ಪುಟ್ಟ ಅಂಗಿ, ಲಂಗಗಳನ್ನು ಮನೆಯವರು ಹೊಲಿಯುತ್ತಿದ್ದರು. ಗುಂಡಿಯ ಬದಲು ಪಿನ್ನು, ಬೇಗ ಬಿಚ್ಚಲೆಂದು. ಬಟ್ಟೆ ಎಷ್ಟು ಗಡುಸೆಂದರೆ ಅದೇ ಮರಿಯನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಬೇಗ ಅವನ ಕ್ಯಾಮೆರಾ ಕಣ್ಣು ಮಿಟುಕಿಸುತ್ತಿರಲಿಲ್ಲ. ಅಷ್ಟರಲ್ಲಿ ಮರಿ ಕಿವಿ ನಿಮಿರಿಸಿದರೂ ಗಾಜು ಕಸಕ್ಕೆ. ತೆಗೆದ ಮೂರರಲ್ಲಿ ಎರಡು ಹಾಳಾಗುತ್ತಿದ್ದವೆಂದು 1915ರ ತನ್ನ ಮಕ್ಕಳ ಪುಸ್ತಕದಲ್ಲಿ ಅವನೇ ಹೇಳಿಕೊಂಡಿದ್ದಾನೆ. ನಟನೆಯಲ್ಲಿ ಬೆಕ್ಕಿನ ಮರಿಗೆ ಸಮ ಇಲ್ಲ, ಹಂದಿಯಷ್ಟು ತಲೆನೋವು ಇನ್ನೊಂದಿಲ್ಲ ಎಂಬುದು ಅವನ ಅನುಭವ. ವರ್ಷಕ್ಕೆ ಮೂರು ತಿಂಗಳಷ್ಟೇ ಈ ಕೆಲಸ. ಉಳಿದ ಕಾಲ ಅದರ ದಣಿವು ಆರಿಸಿಕೊಳ್ಳುವುದೇ ಆಗುತ್ತಿತ್ತು.

ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದು ಎಂದು ಫ್ರೀಸ್ ಒತ್ತಿ ಹೇಳುತ್ತಿದ್ದ. ಇರಬಹುದು. ಆ ಕಾರ್ಡುಗಳನ್ನು ಸಾಲಾಗಿ ಹರಡಿ ನೋಡಿದರೆ, ಲಂಗದ ಮೇಲಿನ ಆ ಪುಟ್ಟ ಮುಖಗಳಲ್ಲಿ ಎಷ್ಟೋ ಕಡೆ ಕಾಣುವುದು ತಬ್ಬಿಬ್ಬು ಮಾತ್ರ.

1900ರಲ್ಲಿ ಕೊಡಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಕ್ಯಾಮೆರಾ ಮಾರಲು ತೊಡಗಿದ್ದರಿಂದ ಮನೆಮನೆಯ ಬೆಕ್ಕೂ ಆಲ್ಬಮ್ಮಿಗೆ ಹೊಕ್ಕಿತು. ಆದರೂ ಬೆಕ್ಕು ಬಹುಪಾಲು ಹೊರಗಿನ ಜೀವವಾಗಿಯೇ ಉಳಿಯಿತು. ಹಗಲು ಕೊಟ್ಟಿಗೆ, ರಾತ್ರಿ ಸೂರು, ನಡುವೆ ಅಡುಗೆಮನೆಗೆ ಒಂದು ಸುತ್ತು. ನಮ್ಮ ಹಳ್ಳಿಮನೆಗಳ ಬೆಕ್ಕಿಗೂ ಅದೇ ದಿನಚರಿ. ಅದನ್ನು ಒಳಗೇ ಕೂರಿಸಿದ್ದು ಒಂದು ಬಗೆಯ ಮಣ್ಣು. 1947ರ ಚಳಿಗಾಲದಲ್ಲಿ ಮಿಷಿಗನ್‌ನ ಎಡ್ ಲೋವ್ ಎಂಬ ಯುವಕನ ಬಳಿ ನೆರೆಮನೆಯವಳೊಬ್ಬಳು ಬೆಕ್ಕಿನ ಹೇಲಿನ ಡಬ್ಬಿಗೆ ಮರಳು ಕೇಳಲು ಬಂದಳು. ಅವರ ಮನೆತನದ ವ್ಯಾಪಾರ ಎಣ್ಣೆ ಹೀರುವ ಪುಡಿಗಳದ್ದು. ಮರಳಿನ ಬದಲು ನೀರು ಹೀರುವ ಜೇಡಿಯ ಹರಳುಗಳನ್ನು ಕೊಟ್ಟು ಕಳಿಸಿದ. ವಾಸನೆ ಅಡಗಿತು, ಅವಳು ಮತ್ತೆ ಬಂದಳು. ಲೋವ್ ಅದನ್ನು ಐದು ಪೌಂಡಿನ ಚೀಲಗಳಲ್ಲಿ ತುಂಬಿ, 65 ಸೆಂಟು ಬೆಲೆ ಕಟ್ಟಿ ‘ಕಿಟ್ಟಿ ಲಿಟರ್’ ಎಂದು ಬರೆದ. ನಗರದ ಮೂರನೇ ಮಹಡಿಯ ಮನೆಯಲ್ಲಿ ಬೆಕ್ಕು ಬಾಗಿಲು ದಾಟದೆ ಬದುಕುವುದು ಸುಲಭವಾದದ್ದು ಇಲ್ಲಿಂದ. ಬೆಕ್ಕಿನ ಫೋಟೊದ ಚರಿತ್ರೆ ಹೇಳುವವರು ಮಸೂರಗಳನ್ನು ಎಣಿಸುತ್ತಾರೆ, ಈ ಮಣ್ಣನ್ನು ಮರೆಯುತ್ತಾರೆ.

ಇನ್ನೊಂದು ಬದಲಾವಣೆ ಬೆಳಕಿನದು. ಅಮೆರಿಕದ ಎಂಐಟಿಯ ಹೆರಾಲ್ಡ್ ಎಜರ್ಟನ್ 1930ರ ದಶಕದಲ್ಲಿ ಪಳಗಿಸಿದ ವಿದ್ಯುತ್ ಮಿಂಚಿನಿಂದಾಗಿ ಸೆಕೆಂಡಿನ ಸಾವಿರಾರನೇ ಒಂದು ಭಾಗದಲ್ಲಿ ಚಿತ್ರ ಹಿಡಿಯಲು ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೂ ಜಗತ್ತು ನೋಡುತ್ತದೆ ಎಂಬ ಮಾತನ್ನು ಆತ ಅಕ್ಷರಶಃ ನಿಜ ಮಾಡಿದ. 1940ರ ಅವನ ಕಿರುಚಿತ್ರವೊಂದರಲ್ಲಿ ಬೆಕ್ಕಿನ ನಾಲಗೆ ನಿಧಾನವಾಗಿ ಕೆಳಗಿಳಿಯುತ್ತದೆ, ತುದಿ ಹಿಂದಕ್ಕೆ ಮಡಚಿಕೊಂಡಿರುತ್ತದೆ. ನಾಲಗೆ ಹಾಲನ್ನು ಸೌಟಿನಂತೆ ಮೊಗೆಯುವುದಿಲ್ಲ. ಮೇಲ್ಭಾಗದ ತುದಿ ಹಾಲನ್ನು ಮುಟ್ಟಿ ಸರಕ್ಕನೆ ಮೇಲೇಳುವಾಗ ಜೊತೆಗೆ ಎದ್ದು ಬರುವ ಹಾಲಿನ ಎಳೆ ಕೆಳಗೆ ಬೀಳುವ ಮೊದಲೇ ಬೆಕ್ಕು ಬಾಯಿ ಮುಚ್ಚಿ ಅದನ್ನು ಹಿಡಿಯುತ್ತದೆ. ಸೆಕೆಂಡಿಗೆ ನಾಲ್ಕು ಸಲ. ಈ ಲೆಕ್ಕ ಪೂರ್ತಿ ಬಿಡಿಸಿದ್ದು 2010ರಲ್ಲಿ. ಬೆಳಗಿನ ತಿಂಡಿಯ ಹೊತ್ತಿನಲ್ಲಿ ತನ್ನ ಬೆಕ್ಕನ್ನು ನೋಡುತ್ತ ಕೂತಿದ್ದ ಎಂಐಟಿಯ ರೋಮನ್ ಸ್ಟಾಕರ್ ಮತ್ತು ಜೊತೆಗಾರರು.

ಮಿಂಚಿನ ಬೆಳಕು ಕೈಗೆ ಬಂದ ಮೇಲೂ ಬೆಕ್ಕಿನ ಗೋಳು ಕೂಡಲೇ ತಪ್ಪಲಿಲ್ಲ. ಫೋಟೊಗ್ರಾಫರ್ ಫಿಲಿಪ್ ಹಾಲ್ಸ್‌ಮನ್ 1948ರಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯ ಹೆಸರಾಂತ ಚಿತ್ರ ತೆಗೆಯುವಾಗ ಸಹಾಯಕರು ಮೂರು ಬೆಕ್ಕುಗಳನ್ನೂ ಒಂದು ಬಕೆಟ್ ನೀರನ್ನೂ ಒಟ್ಟಿಗೆ ಗಾಳಿಗೆ ಎಸೆದರು, ಡಾಲಿ ನೆಗೆದ. ಸರಿಹೋಗಲಿಲ್ಲ. ಬೆಕ್ಕು ಹಿಡಿದು, ಒರೆಸಿ, ಮತ್ತೆ ಎಸೆದರು. ಇಪ್ಪತ್ತೈದಕ್ಕೂ ಹೆಚ್ಚು ಬಾರಿ. ಡಾಲಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ.

ಮರುವರ್ಷ, ಅದೇ ನ್ಯೂಯಾರ್ಕಿನಲ್ಲಿ, ಹಿಮ ಬೀಳುವ ರಾತ್ರಿಯೊಂದರಲ್ಲಿ ವಾಲ್ಟರ್ ಚಂಡೋಹಾ ಮನೆಗೆ ನಡೆದು ಬರುತ್ತಿದ್ದ. ಯುದ್ಧದಲ್ಲಿ ಸೈನ್ಯದ ಫೋಟೊಗ್ರಾಫರ್ ಆಗಿದ್ದು, ಮರಳಿ ಬಂದು ಮಾರುಕಟ್ಟೆ ವಿದ್ಯೆ ಓದುತ್ತಿದ್ದವನು. ದಾರಿಯಲ್ಲಿ ನಡುಗುತ್ತಿದ್ದ ಬೂದು ಬಣ್ಣದ ಮರಿಯೊಂದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬಂದ. ಅದು ರಾತ್ರಿಯಾದೊಡನೆ ಹುಚ್ಚು ಹಿಡಿದಂತೆ ಮನೆ ತುಂಬ ಓಡುತ್ತಿದ್ದುದರಿಂದ ಗಂಡ ಹೆಂಡತಿ ಅದಕ್ಕೆ ‘ಲೋಕೊ’, ಅಂದರೆ ಹುಚ್ಚ, ಎಂದು ಹೆಸರಿಟ್ಟರು. ಸುಮ್ಮನೆ ತೆಗೆದ ಅದರ ಚಿತ್ರಗಳು ಸ್ಪರ್ಧೆಗಳಲ್ಲಿ ಗೆದ್ದವು, ಪತ್ರಿಕೆಗಳು ಕೊಂಡವು. ಜಾಹೀರಾತು ಕಂಪನಿಯ ಉದ್ಯೋಗದ ಕನಸು ಅಲ್ಲಿಗೆ ಮುಗಿಯಿತು. ಮುಂದೆ ಸುಮಾರು ಎಪ್ಪತ್ತು ವರ್ಷ, 2019ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ, ಅವನ ಅನ್ನ ಬೆಕ್ಕಿನದೇ. ಅವನ ಸಂಗ್ರಹದಲ್ಲಿ ಬೆಕ್ಕಿನ ಚಿತ್ರಗಳೇ ಸುಮಾರು 90,000. ಪತ್ರಿಕೆಗಳ ಮುಖಪುಟ 300ಕ್ಕೂ ಹೆಚ್ಚು. ಬೆಕ್ಕಿನ ತಿಂಡಿಯ ಪೊಟ್ಟಣಗಳಿಗೆ, ಜಾಹೀರಾತುಗಳಿಗೆ ಲೆಕ್ಕವೇ ಇಲ್ಲ.

ಪಾಯಿಂಟರ್, ಫ್ರೀಸ್ ಇಬ್ಬರೂ ಬೆಕ್ಕನ್ನು ಮೇಜಿಗೆ ಏರಿಸಿ ಮನುಷ್ಯನ ಎತ್ತರಕ್ಕೆ ತಂದವರು. ಚಂಡೋಹಾ ತಾನೇ ನೆಲಕ್ಕೆ ಬೋರಲು ಬಿದ್ದ. ಹೇಳುವಾಗ ಸಣ್ಣ ಸಂಗತಿ. ಚಿತ್ರದಲ್ಲಿ ಎಲ್ಲವನ್ನೂ ಬದಲಿಸಿದ್ದು ಅದೇ. 1961ರಲ್ಲಿ ನ್ಯೂಜೆರ್ಸಿಯ ತೋಟದಲ್ಲಿ ತೆಗೆದ ಅವನ ಕಪ್ಪು-ಬಿಳುಪು ಚಿತ್ರವೊಂದರಲ್ಲಿ ಬೆಕ್ಕುಗಳ ಹಿಂಡು ನೇರ ಕ್ಯಾಮೆರಾದತ್ತ ನಡೆದು ಬರುತ್ತಿದೆ. ಕ್ಯಾಮೆರಾ ಅವುಗಳ ಎದೆಯ ಮಟ್ಟದಲ್ಲಿದೆ. ತಲೆ ತಗ್ಗಿಸಿ, ಭುಜ ಎತ್ತಿ, ಹೆಜ್ಜೆ ಅಳೆದು ಬರುವ ಆ ಗುಂಪಿನಲ್ಲಿ ಮುದ್ದು ಎಂಬುದು ಹನಿಯಷ್ಟೂ ಇಲ್ಲ. ವಸೂಲಿಗೆ ಹೊರಟ ಬೀದಿಯ ಪುಂಡರ ಗತ್ತು. ಸ್ಟುಡಿಯೊದಲ್ಲಿ ಅವನು ಹಿಂದಿನಿಂದ ಬೆಳಕು ಬಿಟ್ಟು ಒಂದೊಂದು ಕೂದಲಿಗೂ ಅಂಚು ಕಟ್ಟುತ್ತಿದ್ದ. ಆಗ ಸಿನಿಮಾ ನಟಿಯರಿಗೆ ಹಾಕುತ್ತಿದ್ದ ಬೆಳಕು ಅದು, ಬೀದಿಯಲ್ಲಿ ಸಿಕ್ಕ ಬೆಕ್ಕಿಗೂ ಅದೇ ಮರ್ಯಾದೆ. ಇದರ ಹಿಂದೆ ಹೆಂಡತಿ ಮರಿಯಾಳ ಪಾಲು ದೊಡ್ಡದು. ಬೆಕ್ಕನ್ನು ತಂದು, ಸವರಿ ಸಮಾಧಾನ ಮಾಡಿ, ಸರಿಯಾದ ಗಳಿಗೆಯಲ್ಲಿ ಕೈಬಿಟ್ಟು ಚೌಕಟ್ಟಿನಿಂದ ಸರಿಯುತ್ತಿದ್ದವಳು ಆಕೆ. ಅವಳ ಕೈ ಚಿತ್ರದಲ್ಲಿ ಬರುವುದಿಲ್ಲ.

ಜಪಾನಿನ ಮಸಾಹಿಸಾ ಫುಕಾಸೆಯ ಕಥೆಗೆ ಇನ್ನೊಂದು ತಿರುವಿದೆ. 1977ರಲ್ಲಿ ಅವನಿಗೆ ಗೆಳೆಯರಿಂದ ಒಂದು ಮರಿ ಬಂತು, ‘ಸಾಸುಕೆ’ ಎಂದು ಕರೆದ. ಕೆಲವೇ ದಿನಗಳಲ್ಲಿ ಅದು ತಪ್ಪಿಸಿಕೊಂಡಿತು. ಟೋಕಿಯೊದ ಹರಾಜುಕು ಬೀದಿಗಳ ತುಂಬ ಪೋಸ್ಟರು ಅಂಟಿಸಿದ. ಯಾರೋ ಪುಣ್ಯಾತ್ಮರು ಒಂದು ಬೆಕ್ಕು ಹಿಡಿದು ತಂದುಕೊಟ್ಟರು. ನೋಡಿದರೆ ಅದು ಸಾಸುಕೆಯಲ್ಲ! ವಾಪಸು ಕಳಿಸಲು ಮನಸ್ಸು ಬರದೆ ಅದಕ್ಕೂ ಸಾಸುಕೆ ಎಂದೇ ಹೆಸರಿಟ್ಟು ಇರಿಸಿಕೊಂಡ. ಎಲ್ಲಿಗೆ ಹೋದರೂ ಹೊತ್ತೊಯ್ದ. ಆ ವರ್ಷ ಬಹಳ ಹೊತ್ತು ಹೊಟ್ಟೆಯ ಮೇಲೆ ಮಲಗಿಯೇ ಕಳೆದ. ಆಕಳಿಸಿದ ಬಾಯಿಯ ಒಳಗಿನ ಏಣುಗಳು, ಹುಲ್ಲಿನಲ್ಲಿ ನೆಗೆದ ಮಸುಕು, ಮೂಗಿಗೆ ಮೂಗು ತಾಗುವಷ್ಟು ಹತ್ತಿರದ ಕಣ್ಣು. ಆ ಕಣ್ಣಿನಲ್ಲಿ ತನ್ನನ್ನೇ ಕಾಣುತ್ತಿದ್ದೆನೆಂದು ಹೇಳಿಕೊಂಡವನು ಅವನು. ಜಗತ್ತು ಫುಕಾಸೆಯನ್ನು ಬಲ್ಲದ್ದು ವಿಷಾದ ತುಂಬಿದ ‘ಕಾಗೆಗಳು’ ಸರಣಿಯಿಂದ. ಅದೇ ಕೈ ಇಷ್ಟು ಹಗುರಾಗಿಯೂ ಆಡಬಲ್ಲದೆಂದು ಬಹಳ ಮಂದಿಗೆ ತಿಳಿದದ್ದು ಅವನು 2012ರಲ್ಲಿ ತೀರಿಕೊಂಡ ಮೇಲೆ.

ಮನೆಯ ಬೆಕ್ಕು, ಬೀದಿಯ ಬೆಕ್ಕು ಎಂಬ ಗೆರೆಯೇ ತೆಳುವಾದ ಊರುಗಳೂ ಇವೆ. ಜಪಾನಿನ ಮಿಯಾಗಿ ಪ್ರಾಂತದ ತಶಿರೊಜಿಮಾ ದ್ವೀಪದಲ್ಲಿ ಒಂದು ಕಾಲಕ್ಕೆ ರೇಷ್ಮೆ ಸಾಕುತ್ತಿದ್ದರು. ರಾಮನಗರ, ಚನ್ನಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹುಳು ಮನೆಗೆ ಇಲಿ ಹೊಕ್ಕರೆ, ಹುಳು ಗೂಡು ಕಟ್ಟಲು ಚಂದ್ರಿಕೆಗೆ ಏರುವ ಮೊದಲೇ ಬೆಳೆ ಹೋಯಿತು. ಇಲಿಗಾಗಿ ಬೆಕ್ಕು ಬಂತು, ರೇಷ್ಮೆ ಹೋದ ಮೇಲೂ ಬೆಕ್ಕು ಉಳಿಯಿತು. ಅಲ್ಲಿನ ಮೀನುಗಾರರು ಬೆಕ್ಕಿನ ವರ್ತನೆ ನೋಡಿ ಗಾಳಿ, ಮೀನು ಎಣಿಸುತ್ತಿದ್ದರಂತೆ. ಬಲೆಗೆ ಭಾರ ಕಟ್ಟಲು ಕಲ್ಲು ಒಡೆಯುವಾಗ ಸಿಡಿದ ಚೂರಿಗೆ ಸಿಕ್ಕಿ ಸತ್ತ ಬೆಕ್ಕಿಗೆ ಗುಡಿ ಕಟ್ಟಿದರೆಂಬ ಐತಿಹ್ಯವಿದೆ. ಗುಡಿ ಈಗಲೂ ಇದೆ. ನಾಯಿಗೆ ದ್ವೀಪಕ್ಕೆ ಪ್ರವೇಶವಿಲ್ಲ. ಕ್ಯಾಮೆರಾ ಹಿಡಿದು ಬರುವವರೇ ಈಗ ಅಲ್ಲಿಯ ನಿತ್ಯದ ಅತಿಥಿಗಳು. 2011ರ ಸುನಾಮಿ ಸಿಂಪಿ ಕೃಷಿಯನ್ನು ಕೊಚ್ಚಿಕೊಂಡು ಹೋದಾಗ ದ್ವೀಪದವರು ಬೆಕ್ಕಿನ ಹೆಸರು ಹೇಳಿ ಕೈಚಾಚಿದರು. ಹಣ ಹರಿದು ಬಂತು. ಕೊಟ್ಟವರಿಗೆ ಪ್ರತಿಯಾಗಿ ಬೆಕ್ಕಿನ ಚಿತ್ರದ ಸಾಮಾನುಗಳು, ಮುಂದೆ ಸಿಂಪಿ ಬೆಳೆದಾಗ ಸಿಂಪಿ.

ಇಸ್ತಾಂಬುಲ್‌ನಲ್ಲಿ ಬೆಕ್ಕಿಗೆ ಯಜಮಾನ ಯಾರೂ ಇಲ್ಲ, ಪೋಷಕರು ಇಡೀ ಬೀದಿಯವರು. ಹಡಗುಗಳ ಊರು, ಹಡಗಿನ ಜೊತೆ ಇಲಿ, ಇಲಿಯ ಹಿಂದೆ ಬೆಕ್ಕು. ಇಸ್ಲಾಮಿನ ಸಂಪ್ರದಾಯ ಬೆಕ್ಕನ್ನು ಶುಚಿಯ ಪ್ರಾಣಿಯೆಂದು ಎಣಿಸುವುದರಿಂದ ಮಸೀದಿಯ ಅಂಗಳವೂ ಅದಕ್ಕೆ ತೆರೆದದ್ದೇ. ಅಂಗಡಿ ಮುಂದೆ ನೀರಿನ ಬಟ್ಟಲು, ಗೋಡೆ ಬದಿಗೆ ರಟ್ಟಿನ ಗೂಡು. ಆ ಊರಲ್ಲಿ ಹುಟ್ಟಿದ ಜೇದಾ ತೊರೂನ್ 2016ರಲ್ಲಿ ‘ಕೆದಿ’ ಸಾಕ್ಷ್ಯಚಿತ್ರ ಮಾಡಿದಾಗ ಚಿತ್ರತಂಡ ಕ್ಯಾಮೆರಾವನ್ನು ರಿಮೋಟಿನ ಆಟದ ಕಾರಿಗೆ ಕಟ್ಟಿ ಬೆಕ್ಕಿನ ಹಿಂದೆ ಓಡಿಸಿತು. ಹಲವು ಬೆಕ್ಕುಗಳ ಬೆನ್ನು ಹತ್ತಿ ಕೊನೆಗೆ ಏಳನ್ನು ಉಳಿಸಿಕೊಂಡರು. ಅಮೆರಿಕದ ಚಿತ್ರಮಂದಿರಗಳಲ್ಲೇ ಅದು 20 ಲಕ್ಷ ಡಾಲರ್ ದಾಟಿ ಗಳಿಸಿತು.

ಅದೇ ವರ್ಷದ ಆಗಸ್ಟಿನಲ್ಲಿ ಆ ಊರಿನ ಕಡಿಕೊಯ್ ಬಡಾವಣೆಯಲ್ಲಿ ತೊಂಬಿಲಿ ಎಂಬ ಡುಮ್ಮ ಬೀದಿಬೆಕ್ಕು ಸತ್ತಿತು. ಅದಕ್ಕೆ ಹೆಸರು ತಂದದ್ದು ಒಂದೇ ಒಂದು ಫೋಟೊ. ಬೀದಿಯ ಮೆಟ್ಟಿಲಿಗೆ ಒಂದು ಮುಂಗಾಲು ಊರಿ, ಹೊಟ್ಟೆ ಬಿಟ್ಟುಕೊಂಡು, ಹರಟೆಕಟ್ಟೆಯ ಹಿರಿಯನ ಹಾಗೆ ಒರಗಿಕೊಂಡಿರುವ ಚಿತ್ರ ಅದು. ಪಾಯಿಂಟರ್ ಮತ್ತು ಫ್ರೀಸ್ ಟೀ ಕಪ್ಪು, ಪಿನ್ನು, ಲಂಗ ಎಲ್ಲ ಹೂಡಿ ಹುಡುಕಿದ ಭಂಗಿಯನ್ನು ಈ ಬೆಕ್ಕು ಯಾರೂ ಕೇಳದೆ ಕೊಟ್ಟಿತ್ತು. ಹತ್ತಿರ ಹೋಗಿ ಫೋನು ಹಿಡಿಯುವವರಿದ್ದರಾಯಿತು. ಸತ್ತ ಮೇಲೆ ಪ್ರತಿಮೆ ಬೇಕೆಂದು ಸುಮಾರು 17,000 ಜನ ಸಹಿ ಹಾಕಿದರು. ಶಿಲ್ಪಿ ಸೆವಾಲ್ ಶಾಹಿನ್ ಅದೇ ಭಂಗಿಯಲ್ಲಿ ಮಾಡಿದ ಕಂಚಿನ ಬೆಕ್ಕನ್ನು ವಿಶ್ವ ಪ್ರಾಣಿ ದಿನವಾದ ಅಕ್ಟೋಬರ್ 4ರಂದು ಅದು ಒರಗುತ್ತಿದ್ದ ಜಾಗದಲ್ಲೇ ಕೂರಿಸಿದರು. ನವೆಂಬರಿನಲ್ಲಿ ಅದನ್ನು ಯಾರೋ ಕದ್ದರು. ಊರು ರೊಚ್ಚಿಗೆದ್ದಿತು. ಕೆಲವೇ ದಿನಗಳಲ್ಲಿ ಪ್ರತಿಮೆ ತನ್ನ ಮೆಟ್ಟಿಲಿಗೆ ವಾಪಸಾಯಿತು. ಯಾವ ಗುಜರಿಯವನೂ ಮುಟ್ಟಲು ಹಿಂಜರಿಯುವಷ್ಟು ಅದರ ಮುಖ ಅಷ್ಟರಲ್ಲಿ ಎಲ್ಲರ ಫೋನಿನಲ್ಲೂ ಇತ್ತು.